ಸ್ಟೀರಿಂಗ್ ನಡುಕ: ಕೊನೆಗೆ ಸಿಕ್ಕಿದ್ದು ಬೇರಿಂಗ್

ತೀರ್ಥಹಳ್ಳಿ ರಸ್ತೆಯಲ್ಲಿ ವೇಗ 60 ಕಿ.ಮೀ. ದಾಟಿದರೆ ನಮ್ಮ ಹಳೇ ಕಾರಿನ ಸ್ಟೀರಿಂಗ್ ನಡುಗುತ್ತಿತ್ತು. ವೀಲ್ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸಮ ಮಾಡುವುದು) ಮಾಡಿಸಿದರೂ ಹೋಗಲಿಲ್ಲ. ಜೊತೆಗೆ ಗುಂಯ್ ಎನ್ನುವ ಸದ್ದು ಬೇರೆ. ಎಡಕ್ಕೆ ತಿರುಗಿಸಿದರೆ ಸದ್ದು ಜಾಸ್ತಿ, ಬಲಕ್ಕೆ ಕಡಿಮೆ. ಎಡಕ್ಕೆ ತಿರುಗುವಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ, ಅಲ್ವಾ? ಹಾಗಾಗಿ ಅನುಮಾನ ಬಲ ಮುಂದಿನ ಬೇರಿಂಗ್ (ಚಕ್ರ ಸಲೀಸಾಗಿ ತಿರುಗಲು ಅದರ ನಡುವೆ ಇರುವ ಗುಂಡುಗಳ ಬಳೆ) ಮೇಲೆ. ಜ್ಯಾಕ್ ಹಾಕಿ, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಎಂದಿತು. ತಮ್ಮನ ಕೈಲಿ ಬ್ರೇಕ್ ಒತ್ತಿಸಿದಾಗ ಅಲುಗಾಟ ನಿಂತಿತು. ಬ್ರೇಕ್ ಹಿಡಿದರೆ ಬೇರಿಂಗಿನ ಸಡಿಲ ಮಾತ್ರ ನಿಲ್ಲುತ್ತದೆ; ಅಂದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೀಲು) ಅಲ್ಲ, ಬೇರಿಂಗೇ.

ಶಿವಮೊಗ್ಗದ ಗ್ಯಾರೇಜಿನಲ್ಲಿ ಬಿಚ್ಚಿದರೆ, ಬೇರಿಂಗಿನೊಳಗೆ ನೀರು ಹೋಗದಂತೆ ತಡೆಯುವ ಸೀಲ್ ಹರಿದು ಒಳಗೆಲ್ಲ ತುಕ್ಕು. ಮಲೆನಾಡಿನ ಮಳೆಗಾಲ ಇನ್ನೇನು ಮಾಡೀತು! ಹೊಸದನ್ನು ಪ್ರೆಸ್‌ನಲ್ಲಿ (ಸಮವಾಗಿ ಒತ್ತುವ ಯಂತ್ರದಲ್ಲಿ) ಕೂರಿಸಿದರು, ನಡುಕ ಹೋಯಿತು. ಸುತ್ತಿಗೆಯಲ್ಲಿ ಬಡಿಯಲು ಮಾತ್ರ ಬಿಡಬೇಡಿ, ಹೊಸ ಬೇರಿಂಗೂ ಬೇಗ ಹಾಳಾಗುತ್ತದೆ. ಚಕ್ರದ ನಡುವಿನ ದೊಡ್ಡ ನಟ್ಟನ್ನು (ಆಕ್ಸಲ್ ನಟ್) ಹೊಸದೇ ಹಾಕಿಸಿ, ಎಷ್ಟು ಬಿಗಿಯಾಯಿತು ಎಂದು ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿಸಿ.