ಸಿಂಪ್ಸನ್ಸ್ ಅನ್ನು ಕೊನೆಯಿಂದ ನೋಡುತ್ತಾ ಬಂದೆ

ಹತ್ತನೇ ಸೀಸನ್ ಆದ ಮೇಲೆ ಅಮೆರಿಕದ ಕಾರ್ಟೂನ್ ಧಾರಾವಾಹಿ 'ದಿ ಸಿಂಪ್ಸನ್ಸ್' ನೋಡೋದು ದಂಡ. ಈ ಮಾತನ್ನು ನಾನು ಸುಮಾರು ಇಪ್ಪತ್ತು ವರ್ಷ ಹೇಳಿಕೊಂಡು ಓಡಾಡಿದ್ದೇನೆ. ನಾನು ನೋಡಿದ್ದು ಹನ್ನೆರಡು ಸೀಸನ್ ಮಾತ್ರ. ಉಳಿದ ಸೀಸನ್‌ಗಳ ಬಗ್ಗೆ ಬೇರೆಯವರು ಬೈದದ್ದನ್ನು ಕೇಳಿ, ನಾನೂ ಸೇರಿ ಬೈದದ್ದು.

ಹೋದ ಮಳೆಗಾಲದಲ್ಲಿ ಬೈಕ್ ಜಾರಿ ಪಾದಕ್ಕೆ ಪ್ಲಾಸ್ಟರ್ ಬಿತ್ತು. ಆರು ವಾರ ಮನೆಯಲ್ಲೇ. ಸರಿ, ಬಿಟ್ಟ ಜಾಗದಿಂದ ಶುರು ಮಾಡೋಣ ಅಂತ ಕೂತೆ.

ಅದೇ ತಪ್ಪಾಯಿತು. ಈ ಧಾರಾವಾಹಿ 1989ರ ಡಿಸೆಂಬರ್‌ನಲ್ಲಿ ಶುರುವಾಗಿದ್ದು. ಕಂತುಗಳು 750 ದಾಟಿ ಎಷ್ಟೋ ಕಾಲವಾಯಿತು. ಒಂದಕ್ಕೆ 22 ನಿಮಿಷ ಅಂದರೂ 750 ಕಂತಿಗೆ 275 ಗಂಟೆ. ದಿನಕ್ಕೆ ಒಂದು ಗಂಟೆ ಕೂತರೆ ಒಂಬತ್ತು ತಿಂಗಳು! ನಾನು ಹದಿಮೂರನೇ ಸೀಸನ್ನಿಂದ ಸಾಲಾಗಿ ನೋಡುತ್ತಾ ಹೋದೆ. ಒಂದು ವಾರದಲ್ಲೇ ನಿದ್ದೆ ಬರೋಕೆ ಶುರುವಾಯಿತು. ಸಿಂಪ್ಸನ್ಸ್ ಮನೆಯ ಅಪ್ಪ ಹೋಮರ್‌ಗೆ ಪ್ರತಿ ಸಲ ಒಂದು ಹೊಸ ಕೆಲಸ, ಹೊಸ ಹುಚ್ಚು. ಮೊದಲ ಐದು ನಿಮಿಷದ ಕಥೆಗೂ ಉಳಿದದ್ದಕ್ಕೂ ಸಂಬಂಧ ಇಲ್ಲ. ನಡುವೆ ಯಾರೋ ಹೆಸರುವಾಸಿ ವ್ಯಕ್ತಿ ತನ್ನದೇ ಹೆಸರಿನಲ್ಲಿ ಬಂದು, ಎಲ್ಲರಿಂದ ಹೊಗಳಿಸಿಕೊಂಡು ಹೋಗೋದು. ಹಿಂದೆ ಹೀಗಿರಲಿಲ್ಲ. 1991ರಲ್ಲಿ ಹೋಮರ್‌ನ ಮಗಳು ಲೀಸಾಳ ಬದಲಿ ಮೇಷ್ಟ್ರಿಗೆ ದನಿ ಕೊಟ್ಟವರು ಹಾಲಿವುಡ್ ನಟ ಡಸ್ಟಿನ್ ಹಾಫ್‌ಮನ್. ಅವರ ನಿಜ ಹೆಸರು ಆ ಕಂತಿನಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿ ಕಾಣುತ್ತಿದ್ದದ್ದು ಆ ಮೇಷ್ಟ್ರು, ಅಷ್ಟೇ.

ಹದಿನೇಳನೇ ಸೀಸನ್‌ಗೆ ಬಂದಾಗ ಮಾತ್ರ ಎದ್ದು ಕೂತೆ. 2006ರ ಏಪ್ರಿಲ್‌ನ ಒಂದು ಕಂತಿನಲ್ಲಿ ಹೋಮರ್‌ನ ಧಣಿ ಬರ್ನ್ಸ್ ತನ್ನ ಅಣುಸ್ಥಾವರವನ್ನೇ ಬೆಂಗಳೂರಿಗೆ ಔಟ್‌ಸೋರ್ಸ್ ಮಾಡುತ್ತಾನೆ. ಇಲ್ಲಿಯವರಿಗೆ ಕೆಲಸ ಕಲಿಸೋಕೆ ಹೋಮರ್ ಬರುತ್ತಾನೆ, ಬಂದವನು ತಾನೇ ದೇವರು ಅಂತ ಮೆರೆಯುತ್ತಾನೆ. ನಮ್ಮೂರು ಕಾಣುತ್ತೆ ಅಂತ ಆಸೆಯಿಂದ ನೋಡಿದೆ. ಹೆಸರೊಂದು ಬಿಟ್ಟರೆ ಬೆಂಗಳೂರು ಎಲ್ಲೂ ಇಲ್ಲ. ಕೊನೆಗೆ ಕಿಶೋರ್ ಕುಮಾರ್ ಹಾಡಿದ ಹಳೆಯ ಹಿಂದಿ ಹಾಡು. ಆದರೂ ಒಂದು ಕಡೆ ಜೋರಾಗಿ ನಕ್ಕೆ. ಹೋಮರ್ ಇಲ್ಲಿನ ಕೆಲಸಗಾರರಿಗೆ ಅಮೆರಿಕದವರ ಹಾಗೆ ಕಾಫಿ ಬ್ರೇಕು, ಬೇಗ ನಿವೃತ್ತಿ ಎಲ್ಲ ಕಲಿಸಿಬಿಡುತ್ತಾನೆ. ಬರ್ನ್ಸ್ ಬೆಚ್ಚಿಬಿದ್ದು ಸ್ಥಾವರವನ್ನು ವಾಪಸ್ ಒಯ್ಯುತ್ತಾನೆ. ಆ ಹೊತ್ತಿಗೆ ನಮ್ಮಲ್ಲಿ ಅರ್ಧ ಊರೇ ರಾತ್ರಿ ಪಾಳಿಯಲ್ಲಿತ್ತು. ಈ ತಮಾಷೆ ಆಗ ಯಾರ ಕಣ್ಣಿಗೂ ಬೀಳಲಿಲ್ಲ ಅನಿಸುತ್ತೆ.

ಅಲ್ಲಿಗೆ ನಿಲ್ಲಿಸಿ, ಯೋಚನೆ ಮಾಡಿದೆ. ನಮ್ಮ ಕುಂದಾಪುರದ ಕಡೆ ಯಕ್ಷಗಾನದ ಆಟಕ್ಕೆ ಹೊರಟವರು ಕೇಳೋದು ಎರಡೇ: ಇವತ್ತು ಯಾವ ಪ್ರಸಂಗ, ಭಾಗವತರು ಯಾರು? ಮೇಳಕ್ಕೆ ಎಷ್ಟು ವರ್ಷವಾಯಿತು ಅಂತ ಯಾರೂ ಕೇಳಲ್ಲ. ನಾನು ಮಾತ್ರ ಇಲ್ಲಿ ಸೀಸನ್ ನಂಬರ್ ಹಿಡಿದುಕೊಂಡು ಕೂತಿದ್ದೆ.

ಇಲ್ಲಿ ಭಾಗವತರ ಜಾಗದಲ್ಲಿರುವವರು ಷೋರನ್ನರ್. ಬರಹಗಾರರ ಕೋಣೆಯಲ್ಲಿ ಕೊನೆಯ ಮಾತು ಅವರದ್ದು. ಎಲ್ಲರೂ ಹೊಗಳುವ ಏಳು, ಎಂಟನೇ ಸೀಸನ್ ನಡೆಸಿದವರು ಬಿಲ್ ಓಕ್ಲಿ ಮತ್ತು ಜಾಶ್ ವೈನ್‌ಸ್ಟೀನ್. ಒಂಬತ್ತರಿಂದ ಹನ್ನೆರಡರವರೆಗೆ ಮೈಕ್ ಸ್ಕಲಿ. 2001ರಿಂದ ಆಲ್ ಜೀನ್, ಬಹಳ ವರ್ಷ ಅವರೇ. ಮ್ಯಾಟ್ ಸೆಲ್ಮನ್ ಮೊದಲು ನಡುನಡುವೆ ಕೆಲವು ಕಂತು ನಡೆಸುತ್ತಿದ್ದರು. 2021ರಲ್ಲಿ, 33ನೇ ಸೀಸನ್ನಿಂದ, ಹೆಚ್ಚಿನ ಕಂತುಗಳು ಅವರ ಕೈಗೆ ಬಂದವು. ಇದು ಗೊತ್ತಾದ ಮೇಲೆ ನಾನು ಹೊಸ ಸೀಸನ್ನಿಂದ ಹಿಂದಕ್ಕೆ ನೋಡುತ್ತಾ ಬಂದೆ. ರಾತ್ರಿ ಎರಡೇ ಕಂತು. ತನ್ನಷ್ಟಕ್ಕೆ ಮುಂದಿನದು ಓಡುವ ಆಟೋಪ್ಲೇ ಬಂದ್. ಎಂಟು ನಿಮಿಷದಲ್ಲಿ ಒಂದು ಸಲವೂ ನಗು ಬರದಿದ್ದರೆ, ಕಥೆಯೂ ಹಿಡಿಯದಿದ್ದರೆ, ಬಿಟ್ಟುಬಿಡೋದು. ಮುಗಿಸಲೇಬೇಕು ಅನ್ನೋ ಹಟ ಬಿಡೋಕೆ ನನಗೆ ಕಷ್ಟವಾಯಿತು. ತಟ್ಟೆಯಲ್ಲಿ ಅನ್ನ ಬಿಡಬಾರದು ಅಂತ ಬೆಳೆಸಿದ್ದಾರಲ್ಲ.

ಫರಕು ಮೊದಲ ವಾರವೇ ತಿಳಿಯಿತು. 2022ರ ಒಂದು ಕಂತಿನಲ್ಲಿ ಹೋಮರ್, ಮಾರ್ಜ್ ಇಬ್ಬರೂ ಹಿಮದ ಕಾಡಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೈಮೇಲೆ ಬಟ್ಟೆಯೂ ಇಲ್ಲ. ಹೆಚ್ಚಿನ ಹೊತ್ತು ತೆರೆಯ ಮೇಲೆ ಅವರಿಬ್ಬರೇ. ಊರಿನ ಜನ ಇಲ್ಲ, ಅತಿಥಿ ಇಲ್ಲ, ಕಥೆ ಅಡ್ಡ ಹೋಗಲ್ಲ. ಹಳೆಯ ಗಂಡಹೆಂಡತಿ ಚಳಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳೋದು, ಅಷ್ಟೇ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ಕೈಲಿದ್ದ ಟವೆಲ್ ಹಾಗೇ ಹಿಡಿದುಕೊಂಡು ಕೂತಳು. "ಇದು ನೀವು ಬೈತಿದ್ರಲ್ಲ, ಅದೇನಾ?" ಅಂದಳು. ನಾನು ಉತ್ತರ ಕೊಡಲಿಲ್ಲ.

2015ರ 27ನೇ ಸೀಸನ್ ಹೊಡೆದದ್ದು ಇನ್ನೂ ಜೋರು. ಅದರಲ್ಲಿ ಹ್ಯಾಲೋವೀನ್ ರಾತ್ರಿಗೆ ಹೆದರಿದ ಲೀಸಾಳ ಒಂದು ಕಂತಿದೆ. ಸಾಮಾನ್ಯವಾಗಿ ಇವರ ಹ್ಯಾಲೋವೀನ್ ಅಂದರೆ ಮೂರು ತುಂಡು ಕಥೆ, ಎಲ್ಲರೂ ಸಾಯೋದು, ಮುಂದಿನ ವಾರ ಬದುಕಿ ಬರೋದು. ಈ ಕಂತು ಹಾಗಲ್ಲ. ಮಗಳ ಭಯವನ್ನು ಅಪ್ಪ ಗಂಭೀರವಾಗಿ ತೆಗೆದುಕೊಳ್ಳುತ್ತಾನೆ. ಅದೇ ಸೀಸನ್‌ನಲ್ಲಿ ಬಾರ್ಟ್ ಬೆಳೆದು ದೊಡ್ಡವನಾಗುವ ಕಂತೂ ಇದೆ. ತಂಗಿಯ ಬುದ್ಧಿವಂತಿಕೆಯ ನೆರಳಲ್ಲೇ ಬೆಳೆದ ಅಣ್ಣನ ಹೊಟ್ಟೆಯುರಿ ಅದರಲ್ಲಿ ನೇರವಾಗಿ ಬರುತ್ತೆ. ಈ ಎರಡೂ ಎಂಟನೇ ಸೀಸನ್‌ನಲ್ಲಿ ಬಂದಿದ್ದರೆ ನಾನು ಜನರಿಗೆ ಕರೆದು ಕರೆದು ತೋರಿಸುತ್ತಿದ್ದೆ.

ತಕರಾರು ಇಲ್ಲ ಅಂತಲ್ಲ. ವಯಸ್ಸಿನ ಲೆಕ್ಕ ನನಗೆ ಬಹಳ ದಿನ ಕಿರಿಕಿರಿ ಮಾಡಿತು. 1991ರ ಕಂತಿನ ಪ್ರಕಾರ ಹೋಮರ್, ಮಾರ್ಜ್ 1974ರಲ್ಲಿ ಹೈಸ್ಕೂಲಿನಲ್ಲಿದ್ದರು. 2008ರ ಕಂತಿನಲ್ಲಿ ಅವರ ಯೌವನವನ್ನು ಎತ್ತಿ ತೊಂಬತ್ತರ ದಶಕಕ್ಕೆ ಇಟ್ಟರು. ಆಗ ಸಿಟ್ಟು ಬಂದಿತ್ತು. ಈಗ ಮೇಳದ ಲೆಕ್ಕವೇ ಸರಿ ಅನಿಸುತ್ತೆ. ನಿನ್ನೆ ಚಕ್ರವ್ಯೂಹದಲ್ಲಿ ಸತ್ತ ಅಭಿಮನ್ಯು ಇವತ್ತು ಕನಕಾಂಗಿಯನ್ನು ಮದುವೆಯಾದರೆ ಯಾರೂ ಎದ್ದು ಪ್ರಶ್ನೆ ಕೇಳಲ್ಲ.

ಭಾರತೀಯ ಮೂಲದ ಅಂಗಡಿಯವ ಅಪುವಿನ ವಿಷಯ ಮಾತ್ರ ಅಷ್ಟು ಸಲೀಸಲ್ಲ. ಆ ಪಾತ್ರ ಭಾರತೀಯರನ್ನು ಗೇಲಿ ಮಾಡುತ್ತೆ ಅನ್ನುವ, ಹಾಸ್ಯಗಾರ ಹರಿ ಕೊಂಡಬೋಲು ಅವರ ಸಾಕ್ಷ್ಯಚಿತ್ರ 2017ರಲ್ಲಿ ಬಂತು, ದನಿ ಕೊಡುತ್ತಿದ್ದ ಹ್ಯಾಂಕ್ ಅಝೇರಿಯಾ 2020ರಲ್ಲಿ ಇನ್ನು ಮಾಡಲ್ಲ ಅಂದರು. ಅಪುವಿನ ಇಂಡಿಯನ್ ಉಚ್ಚಾರಣೆ ಚಿಕ್ಕಂದಿನಲ್ಲಿ ನನಗೆ ತಮಾಷೆಯೇ ಆಗಿತ್ತು. ಅಮೆರಿಕದ ಶಾಲೆಯಲ್ಲಿ ಓದಿದ ನನ್ನ ಅಕ್ಕನ ಮಗನಿಗೆ ಆಗಿರಲಿಲ್ಲ, ಅದನ್ನು ಅವನು ಹೇಳಿದ ಮೇಲೆ ಆ ಹಳೆಯ ಕಂತುಗಳನ್ನು ಮೊದಲಿನ ಹಾಗೆ ನೋಡೋಕೆ ಆಗಿಲ್ಲ.

ಇನ್ನೊಂದು, ಮಾರ್ಜ್‌ಳ ದನಿ. ಜೂಲಿ ಕ್ಯಾವ್ನರ್ 1987ರಿಂದ, ಅಂದರೆ ಧಾರಾವಾಹಿಗೂ ಮೊದಲು ಬಂದ ಕಿರು ತುಣುಕುಗಳಿಂದಲೇ, ಅದೇ ಪಾತ್ರಕ್ಕೆ ದನಿ ಕೊಡುತ್ತಿದ್ದಾರೆ. ಹೊಸ ಕಂತುಗಳಲ್ಲಿ ಆ ಗಂಟಲು ಒಡೆದಿದೆ, ಕೆಲವು ಕಡೆ ಮಾತು ಎಳೆದುಕೊಂಡು ಬರುತ್ತೆ. ಯಾರಿಗೂ ವಯಸ್ಸಾಗದ ಊರಿನಲ್ಲಿ ಅದೊಂದಕ್ಕೆ ವಯಸ್ಸಾಗಿದೆ. ಮೊದಲ ಸಲ ಕೇಳಿದಾಗ ಕಸಿವಿಸಿಯಾಯಿತು. ಹಿಮದ ಕಾಡಿನ ಕಂತಿನಲ್ಲಿ ಮಾತ್ರ ಆ ಒಡೆದ ದನಿಯೇ ಚೆನ್ನಾಗಿ ಕೂತಿತ್ತು.

ಹೊಸದಾಗಿ ನೋಡುವವರು 36ನೇ ಸೀಸನ್‌ನ ಮೊದಲ ಕಂತನ್ನು ಕೊನೆಗೆ ಇಟ್ಟುಕೊಳ್ಳಿ. 2024ರ ಸೆಪ್ಟೆಂಬರ್‌ನದು. ಟಾಕ್ ಷೋ ನಿರೂಪಕ ಕೋನನ್ ಓಬ್ರಯನ್ ಬಂದು ಇದೇ ಕೊನೆಯ ಕಂತು ಅಂತ ತಮಾಷೆಗೆ ಘೋಷಣೆ ಮಾಡುತ್ತಾರೆ, ಅವರೇ ಹಿಂದೆ ಇಲ್ಲಿ ಬರಹಗಾರರಾಗಿದ್ದವರು. ಬರ್ನ್ಸ್ ಸಾಯುತ್ತಾನೆ, ಮೋ ಅನ್ನುವವನ ಹೆಂಡದಂಗಡಿ ಮುಚ್ಚುತ್ತೆ, ಬಾರ್ಟ್‌ನ ಹುಟ್ಟುಹಬ್ಬ ಬರುತ್ತೆ. ಎಲ್ಲ ಬದಲಾಗುತ್ತಿದೆ ಅಂತ ಅವನು ಹೌಹಾರುತ್ತಾನೆ. ಹಳೆಯ ಕಂತುಗಳ ನೆನಪು ಇದ್ದಷ್ಟೂ ಅದು ಜಾಸ್ತಿ ನಗಿಸುತ್ತೆ. ಆಮೇಲೆ 2025ರಲ್ಲಿ ಇನ್ನೂ ನಾಲ್ಕು ಸೀಸನ್‌ಗೆ ಒಪ್ಪಂದವಾಗಿದೆ, ನಲವತ್ತರವರೆಗೆ.

ಪ್ಲಾಸ್ಟರ್ ಬಿಚ್ಚಿ ತುಂಬ ದಿನವಾಯಿತು. ರಾತ್ರಿ ಎರಡು ಕಂತು ಈಗ ಒಂದಕ್ಕೆ ಇಳಿದಿದೆ, ಹೆಂಡತಿಯೂ ಜೊತೆಗೆ ಕೂರುತ್ತಾಳೆ. 20ನೇ ಸೀಸನ್ ಹತ್ತಿರ ಬಂದಿದ್ದೇವೆ. ಎಂಟು ನಿಮಿಷದ ನಿಯಮ ಈಗ ಜಾಸ್ತಿ ಕೆಲಸಕ್ಕೆ ಬರುತ್ತಿದೆ.