ಮಳೆಗಾಲದಲ್ಲಿ ಕೆಲಸದ ಕೋಣೆಯ ಗೋಡೆ ಒದ್ದೆಯಾಗುವುದು ನಿಂತಿದ್ದು ಹೀಗೆ

ಚಿಕ್ಕಮಗಳೂರಿನ ಹಳೇ ಫ್ಲಾಟ್. ಆರಿದ್ರಾ ಮಳೆ ಹಿಡಿದರೆ ಸಾಕು, ಕೆಲಸಕ್ಕೆ ಕೂರುವ ಕೋಣೆಯ ಕಿಟಕಿ ಕೆಳಗೆ ಗೋಡೆ ಒದ್ದೆ, ಪೇಂಟ್ ಉಬ್ಬಿ ಬೂಷ್ಟು, ಮೇಜಿನ ಹಿಂದಿನ ಪ್ಲಗ್ ಬೋರ್ಡಿನಲ್ಲೂ ತೇವ (ಆ ಲೈನಿನ ಎಂಸಿಬಿ, ಅಂದ್ರೆ ಕರೆಂಟ್ ಕಡಿಯುವ ಸ್ವಿಚ್, ಮೊದಲು ಆಫ್ ಮಾಡಿ, ತಮಾಷೆ ಅಲ್ಲ).

ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆ, ಮುಂದಿನ ಮಳೆಗೇ ಸಿಪ್ಪೆ ಎದ್ದಿತು. ಪುಟ್ಟಿ ಹಾಕಿಸಿದ್ದೂ ದಂಡ. ಡಿಹ್ಯುಮಿಡಿಫೈಯರ್ ಕೋಣೆಯ ಗಾಳಿ ಒಣಗಿಸಿತು ಅಷ್ಟೇ.

ಆಮೇಲೆ ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಟ್ಟೆ. ಹನಿ ಕೂತಿದ್ದು ಹಾಳೆಯ ಹಿಂದೆ, ಗೋಡೆ ಕಡೆ. ಅಂದ್ರೆ ತೇವ ಗೋಡೆಯೊಳಗಿನದೇ. ಹೊರಗೆ ನೋಡಿದರೆ ಕಿಟಕಿ ಚೌಕಟ್ಟಿಗೂ ಅದರ ಕೆಳಗಿನ ಕಟ್ಟೆ, ಅಂದ್ರೆ ಸಿಲ್‌ಗೂ ನಡುವೆ ಬಿರುಕು, ಸಿಲ್ ಬೇರೆ ಒಳಕ್ಕೆ ಇಳಿಜಾರು.

ಬೇಸಿಗೆಯಲ್ಲಿ, ಗೋಡೆ ಒಣಗಿದ ಮೇಲೆ, ಇದೇ ಕ್ರಮದಲ್ಲಿ ಮಾಡಿಸಿ. ಬಿರುಕನ್ನು ವಿ ಆಕಾರದಲ್ಲಿ ಸುಮಾರು 10 ಮಿ.ಮೀ. ಕೊರೆದು, ಧೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಿಸಿ. ಸಿಲ್‌ಗೆ ಹೊರಕ್ಕೆ ಇಳಿಜಾರು ಕೊಡಿಸಿ, ಅದರ ಅಂಚಿನ ತಳದಲ್ಲಿ ಉದ್ದಕ್ಕೂ ಗೀರು ಹೊಡೆಸಿ. ಮೇಸ್ತ್ರಿ ಸುಮ್ನೆ ಖರ್ಚು ಅಂದರೂ ಬಿಡಬೇಡಿ, ಗೀರಿಲ್ಲದಿದ್ದರೆ ನೀರು ಅಲ್ಲೇ ತೊಟ್ಟಿಕ್ಕದೆ ಗೋಡೆಗೆ ಅಂಟಿಕೊಂಡೇ ಇಳಿಯುತ್ತದೆ. ಚೌಕಟ್ಟಿನ ಸುತ್ತ ಸೀಲೆಂಟ್ (ಸಂದು ಮುಚ್ಚುವ ಅಂಟು). ಹೊರಗೋಡೆಗೆ ಅಕ್ರಿಲಿಕ್ ಕೋಟಿಂಗ್ ಎರಡು ಸಲ, ಒಂದು ಅಡ್ಡ, ಒಂದು ಉದ್ದ. ಒಳಗಿನ ಪುಟ್ಟಿ, ಪೇಂಟ್ ಎಲ್ಲಾ ಕೊನೆಗೆ, ಪ್ಲಾಸ್ಟಿಕ್ ಹಾಳೆ ಮತ್ತೆ ಅಂಟಿಸಿ ನೋಡಿ ಹಿಂದೆ ಹನಿ ಕಾಣದಿದ್ದರೆ ಮಾತ್ರ.