ಲಿವರ್‌ನ ಕಲೆ ಅಳೆಯುವ ಸ್ಕ್ಯಾನ್: ಮಾಡಿಸುವುದು ಹೇಗೆ, ಓದುವುದು ಹೇಗೆ?

ಚರ್ಮಕ್ಕೆ ಗಾಯವಾದರೆ ಮೊದಲು ಊದಿಕೊಳ್ಳುತ್ತದೆ, ನಿಧಾನಕ್ಕೆ ಮಾಯುತ್ತದೆ, ಕೊನೆಗೊಂದು ಗಟ್ಟಿ ಕಲೆ ಉಳಿಯುತ್ತದೆ. ಲಿವರ್‌ನೊಳಗೂ ಹೀಗೇ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಕೊಬ್ಬು, ದೇಹದ ರಕ್ಷಣಾ ವ್ಯವಸ್ಥೆಯೇ ಲಿವರ್ ಮೇಲೆ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆ, ಕಾರಣ ಯಾವುದೇ ಇರಲಿ, ಉರಿಯೂತ ವರ್ಷಗಟ್ಟಲೆ ನಿಂತುಬಿಟ್ಟರೆ ಕಲೆಯ ಮೇಲೆ ಕಲೆ ಕೂಡುತ್ತಾ ಹೋಗುತ್ತದೆ. ಇದೇ ಫೈಬ್ರೋಸಿಸ್. ಇದು ಮಿತಿಮೀರಿದಾಗ ಸಿರೋಸಿಸ್. ಬೇಸರದ ಸಂಗತಿ ಏನೆಂದರೆ, ಅಷ್ಟು ದೂರ ಹೋಗುವವರೆಗೂ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ.

ಸಾಮಾನ್ಯ ಅಲ್ಟ್ರಾಸೌಂಡ್‌ನಲ್ಲಿ ಶುರುವಿನ ಕಲೆ ಕಾಣುವುದಿಲ್ಲ. ಅದಕ್ಕೇ ಲಿವರ್ ಎಷ್ಟು ಗಟ್ಟಿ ಎಂದು ಅಳೆಯುವ ಎಲಾಸ್ಟೋಗ್ರಫಿ ಬಂದಿದೆ. ಫೈಬ್ರೋಸ್ಕ್ಯಾನ್ ಎಂಬ ಯಂತ್ರದ ಹೆಸರನ್ನು ನೀವು ಕೇಳಿರಬಹುದು. ಪಕ್ಕೆಲುಬುಗಳ ನಡುವೆ ಇಟ್ಟ ಪ್ರೋಬ್ ಮೆಲ್ಲಗೆ ಒಂದು ತಟ್ಟು ತಟ್ಟುತ್ತದೆ. ಆ ಅಲೆ ಲಿವರ್‌ನಲ್ಲಿ ಎಷ್ಟು ವೇಗವಾಗಿ ಸಾಗುತ್ತದೆ ಎಂದು ಅಲ್ಟ್ರಾಸೌಂಡ್ ನೋಡುತ್ತದೆ. ಲಿವರ್ ಗಟ್ಟಿಯಾದಷ್ಟೂ ಅಲೆಯ ಓಟ ಜಾಸ್ತಿ. ಸೂಜಿ ಚುಚ್ಚಿ ತೆಗೆಯುವ ಬಯಾಪ್ಸಿ ತುಣುಕಿಗಿಂತ ಸುಮಾರು 100 ಪಟ್ಟು ದೊಡ್ಡ ಭಾಗವನ್ನು ಇದು ಅಳೆಯುತ್ತದೆ.

ಮೊದಲು ಹೊಟ್ಟೆಯ ವಿಷಯ. ಪರೀಕ್ಷೆಗೆ ಮುಂಚೆ ಕನಿಷ್ಠ 3 ಗಂಟೆ ಏನೂ ತಿನ್ನಬೇಡಿ. ಉಂಡ ಮೇಲೆ ಲಿವರ್‌ಗೆ ರಕ್ತ ಜಾಸ್ತಿ ಹರಿಯುತ್ತದೆ, ಅಷ್ಟಕ್ಕೇ ಗಟ್ಟಿತನದ ಅಂಕಿ ಮೇಲೇರುತ್ತದೆ. ಗರ್ಭಿಣಿಯಾಗಿದ್ದರೆ, ಪೇಸ್‌ಮೇಕರ್ ಇದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಮೊದಲೇ ಹೇಳಿ. ನೀರು ತುಂಬಿದ್ದರೆ ಈ ಅಲೆ ಲಿವರ್ ತಲುಪುವುದೇ ಇಲ್ಲ. ಅಂಥವರಿಗೆ ಎಂಆರ್‌ಐನಲ್ಲಿ ಮಾಡುವ ಎಲಾಸ್ಟೋಗ್ರಫಿ ಇದೆ.

ಪರೀಕ್ಷೆ ಸುಲಭ. ಅಂಗಾತ ಮಲಗಿ, ಬಲಗೈಯನ್ನು ತಲೆಯ ಹಿಂದಕ್ಕೆ ಇಟ್ಟುಕೊಳ್ಳಿ. ಜೆಲ್ ಹಚ್ಚಿ ಹತ್ತು ಸಲ ಅಳೆಯುತ್ತಾರೆ. ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಮೈ ದಪ್ಪಗಿದ್ದರೆ ಎಕ್ಸ್‌ಎಲ್ ಪ್ರೋಬ್ ಬೇಕಾಗಬಹುದು, ಕೇಳುವುದಕ್ಕೆ ಸಂಕೋಚ ಬೇಡ.

ಈಗ ರಿಪೋರ್ಟ್. ಎಲ್ಲರ ಕಣ್ಣು ಹೋಗುವುದು ಕಿಲೋಪಾಸ್ಕಲ್ ಅಂಕಿಯ ಕಡೆಗೆ, ಅಂದರೆ ಗಟ್ಟಿತನದ ಅಳತೆಯ ಕಡೆಗೆ. ಸ್ವಲ್ಪ ತಡೆಯಿರಿ, ಅದರ ಪಕ್ಕದ ಐಕ್ಯೂಆರ್/ಮೀಡಿಯನ್ ಮೊದಲು ನೋಡಿ. ಹತ್ತು ಅಳತೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಅದು ಹೇಳುತ್ತದೆ. ಲಿವರ್ ಗಟ್ಟಿಯಾಗಿದೆ ಎಂದು ಬಂದಾಗ ಇದು ಶೇ 30 ದಾಟಿದ್ದರೆ ಆ ಅಂಕಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಅಂಕಿ 1.5ರಿಂದ 75ರವರೆಗೆ ಬರಬಹುದು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 5ರ ಆಸುಪಾಸು. ಬೇರೆ ಲಕ್ಷಣಗಳಿಲ್ಲದೆ 10ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ಕಾಯಿಲೆ ಇರುವ ಸಾಧ್ಯತೆ ಕಡಿಮೆ. 15 ದಾಟಿದರೆ ಇರುವ ಸಾಧ್ಯತೆ ತುಂಬಾ ಹೆಚ್ಚು. ನಡುವೆ ಬಂದರೆ ಇನ್ನಷ್ಟು ಪರೀಕ್ಷೆ ಬೇಕು.

ಆದರೆ ಒಂದು ಮಾತು ಮರೆಯಬೇಡಿ. ಯಂತ್ರ ಅಳೆಯುವುದು ಗಟ್ಟಿತನವನ್ನು, ಕಲೆಯನ್ನಲ್ಲ. ಊದಿಕೊಂಡ ಲಿವರ್ ಕೂಡ ಗಟ್ಟಿಯೇ ಅಲ್ವಾ? ಹೆಪಟೈಟಿಸ್, ಅಂದರೆ ಲಿವರ್‌ನ ಉರಿಯೂತ, ಜೋರಾಗಿರುವಾಗ ಸ್ಕ್ಯಾನ್ ಮಾಡಿದರೆ, ಸಿರೋಸಿಸ್ ಇಲ್ಲದವರಿಗೂ ಸಿರೋಸಿಸ್‌ನಷ್ಟು ಅಂಕಿ ಬರಬಹುದು. ಹಾರ್ಟ್ ಫೇಲ್ಯೂರ್‌ನಿಂದ ಲಿವರ್‌ನಲ್ಲಿ ರಕ್ತ ನಿಂತರೂ, ಪಿತ್ತನಾಳ ಕಟ್ಟಿಕೊಂಡರೂ ಹೀಗೇ. ಇದು ಗೊತ್ತಿಲ್ಲದೆ ಒಂದು ಅಂಕಿ ನೋಡಿ ಕುಸಿದುಹೋಗುವವರನ್ನು ನೆನೆದರೆ ಸಂಕಟವಾಗುತ್ತದೆ.

ಆದ್ದರಿಂದ ಲಿವರ್‌ನ ಉರಿಯೂತದ ಸುಳಿವು ಕೊಡುವ ಎಎಲ್‌ಟಿ ರಕ್ತಪರೀಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡೇ ಸ್ಕ್ಯಾನ್ ಓದಬೇಕು. ಕೆಲವು ರಿಪೋರ್ಟ್‌ಗಳಲ್ಲಿ ಅದರ ಹೆಸರು ಎಸ್‌ಜಿಪಿಟಿ. ಅದು ತುಂಬಾ ಏರಿದ್ದರೆ, ಇಳಿದ ಮೇಲೆ ಇನ್ನೊಮ್ಮೆ ಅಳೆಯಬೇಕೇ ಎಂದು ಡಾಕ್ಟರನ್ನು ಕೇಳಿ. ಆಟೋಇಮ್ಯೂನ್ ಹೆಪಟೈಟಿಸ್ ಇದ್ದವರಲ್ಲಿ, ಚಿಕಿತ್ಸೆ ಶುರುವಾಗಿ ಕನಿಷ್ಠ 6 ತಿಂಗಳಾದ ಮೇಲಿನ ಅಂಕಿಯೇ ಕಲೆಯ ಬಗ್ಗೆ ಸರಿಯಾಗಿ ಹೇಳುತ್ತದೆ. ಹೆಪಟೈಟಿಸ್ ಸಿ ಗುಣವಾದ ಮೇಲೆ ಕೆಲವೇ ತಿಂಗಳಲ್ಲಿ ಅಂಕಿ ಸರ್‍ರನೆ ಇಳಿದರೆ, ಅದರಲ್ಲಿ ಹೆಚ್ಚಿನ ಪಾಲು ಊತದ್ದು. ಕಲೆಯೂ ಕರಗಬಲ್ಲದು, ಆದರೆ ಅದಕ್ಕೆ ವರ್ಷಗಳೇ ಬೇಕು.

ಮತ್ತೆ ಅಳೆಸುವಾಗ ಆದಷ್ಟು ಅದೇ ಯಂತ್ರ, ಅದೇ ಪ್ರೋಬ್, ಅಷ್ಟೇ ಹೊತ್ತಿನ ಖಾಲಿ ಹೊಟ್ಟೆ ಇರಲಿ. ಹಳೆಯ ರಿಪೋರ್ಟ್ ಜೊತೆಗೆ ಅದೇ ವಾರದ ಎಎಲ್‌ಟಿ ಚೀಟಿಯನ್ನೂ ಪಿನ್ ಮಾಡಿ ಇಟ್ಟುಕೊಳ್ಳಿ.